ಕಾಕನಕೋಟೆಯ ನೋಟಕರು

ಶುಕ್ರವಾರದ ಸಂಜೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಹೊರಟ ಕಾರುಗಳು ಕೆಂಗೇರಿಯ ದಿಕ್ಕಿಗೆ ಮುಖ ಮಾಡಿ ಮೈಸೂರು ರಸ್ತೆಯಲ್ಲಿ ಸಾಲುಗಟ್ಟುವುದನ್ನು ನಮ್ಮ ಕಡೆಯ ಓದುಗರೆಲ್ಲ ಬಲ್ಲರು. ಅವುಗಳಲ್ಲಿ ಕೆಲವು ಮೈಸೂರಿನಲ್ಲೇ ನಿಲ್ಲುತ್ತವೆ. ಕೆಲವು ಊಟಿಯ ಕಡೆಗೆ ಹೋಗುತ್ತವೆ. ಇನ್ನು ಕೆಲವು ಹೆಗ್ಗಡದೇವನಕೋಟೆಯ ದಾರಿ ಹಿಡಿದು, ಹ್ಯಾಂಡ್‌ಪೋಸ್ಟನ್ನು ದಾಟಿ, ಅಂತರಸಂತೆಯ ಮೇಲೆ ಹಾದು ಕಬಿನಿಯ ದಂಡೆಯ ಕಾರಾಪುರವನ್ನು ಮುಟ್ಟುತ್ತವೆ. ಮರುದಿನ ಬೆಳಗಿನ ಜಾವ ಆ ಕಾರುಗಳವರು ಜೀಪು ಹತ್ತಿ ಕಾಡಿಗೆ ಹೊರಡುತ್ತಾರೆ. ಆನೆ ಕಂಡೀತು, ಪುಣ್ಯವಿದ್ದರೆ ಹುಲಿ, ಪೂರ್ವಜನ್ಮದ ಸುಕೃತವೂ ಕೂಡಿಬಂದರೆ ಕರಿ ಚಿರತೆ. ಆ ಕಾಡಿನೊಳಗೆ ಸುಂಕದಕಟ್ಟೆ ಎಂಬ ಹೆಸರು ಕಿವಿಗೆ ಬಿದ್ದಾಗ ಮಾಗಡಿ ರಸ್ತೆಯ ಕಡೆಯವರು ಒಮ್ಮೆ ಬೆಚ್ಚಬೇಕಾದದ್ದೇ. ನಮ್ಮ ಸುಂಕದಕಟ್ಟೆಯಲ್ಲಿ ಹಾಗೆಯೇ ಅಲ್ಲಿಯೂ ದಾರಿಹೋಕರು ಸುಂಕ ತೆತ್ತು ಮುಂದೆ ಸಾಗಿದ ಕಾಲವೊಂದು ಇದ್ದಿರಬೇಕು. ಹೆಸರುಗಳು ನಿಂತುಬಿಡುತ್ತವೆ, ಮನುಷ್ಯರು ಹೋಗುತ್ತಾರೆ. ಈ ಲೇಖನದ ವಿಷಯವೂ ಸ್ವಲ್ಪ ಮಟ್ಟಿಗೆ ಅದೇ.

ಕಾಡನ್ನು ನೋಡಲು ಹೋಗುವುದು ಈಚಿನ ಹವ್ಯಾಸವೆಂದು ನಾವು ಭಾವಿಸಿದ್ದೇವೆ. ಹಿಂದಿನವರು ಕಾಡಿಗೆ ಹೋದದ್ದು ಸೌದೆಗೆ, ಬೇಟೆಗೆ ಅಥವಾ ತಪಸ್ಸಿಗೆ. ನೋಟಕರಾಗಿ ಹೋಗುವವರು ನಾವೇ ಮೊದಲು, ಎಂದು. ಕಾಕನಕೋಟೆಯ ಮಟ್ಟಿಗೆ ಈ ಮಾತು ಸಲ್ಲದು. ನೂರು ವರ್ಷಗಳಿಗೂ ಮಿಕ್ಕಿ ಈ ಕಾಡು ಅತಿಥಿಗಳ ಕಣ್ಣಿಗಾಗಿ ಸಜ್ಜಾಗುತ್ತ ಬಂದಿದೆ. ಅಟ್ಟಣೆ ಹೋಗಿ ಜೀಪು ಬಂದಿತು, ಕೋವಿ ಹೋಗಿ ಕ್ಯಾಮೆರಾ ಬಂದಿತು. ಅತಿಥಿಯ ಪೀಠ ಮಾತ್ರ ಇದ್ದಲ್ಲೇ ಇದೆ. ಬದಲಾದುದು ಮತ್ತೊಬ್ಬನ ಸ್ಥಾನ, ದಾರಿ ತೋರಿಸುತ್ತಿದ್ದವನ ಸ್ಥಾನ. ಅದನ್ನು ಕೊನೆಯಲ್ಲಿ ನೋಡೋಣ.

ಕಬಿನಿಯ ಈ ಸೀಮೆ ಇತಿಹಾಸದಲ್ಲಿ ಬಡವೆಯಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರೇ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಪುನ್ನಾಟ ಮುಂದೆ ಗಂಗರ ರಾಜ್ಯದಲ್ಲಿ ಸೇರಿಹೋಯಿತು. ಗಂಗರ ಲಾಂಛನ ಆನೆ; ಆನೆಯ ವಿಚಾರದಲ್ಲಿ ಅವರಿಗಿದ್ದ ಆಸಕ್ತಿ ಲಾಂಛನಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಶ್ರೀಪುರುಷ ಗಜಶಾಸ್ತ್ರವನ್ನು ಬರೆದನೆಂದೂ, ಅವನ ಮಗ ಶಿವಮಾರ ಕನ್ನಡದಲ್ಲಿ ಗಜಾಷ್ಟಕವನ್ನು ರಚಿಸಿದನೆಂದೂ, ಆ ಗಜಾಷ್ಟಕ ಒನಕೆವಾಡಾಗಿ ಹೆಂಗಸರ ಬಾಯಲ್ಲಿ ನಲಿದಿತ್ತೆಂದೂ ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಎರಡು ಗ್ರಂಥಗಳೂ ನಮಗೆ ಉಳಿದಿಲ್ಲ. ಆನೆಯ ಲಕ್ಷಣವನ್ನು ಹೇಳುವ ಪದ್ಯಗಳು ಭತ್ತ ಕುಟ್ಟುವ ಒನಕೆಯ ಪೆಟ್ಟಿಗೆ ತಾಳ ಹೊಂದಿಸಿಕೊಂಡು ಹೇಗೆ ಕೇಳುತ್ತಿದ್ದುವೋ ಎಂದು ಕನ್ನಡದ ಮೇಷ್ಟರಾದವರು ಒಮ್ಮೆಯಾದರೂ ಕನಸು ಕಂಡಿರುತ್ತಾರೆ.

ಆನೆಯನ್ನು ಹಿಡಿಯುವ ವಿದ್ಯೆಯೂ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಇದರ ವಿಧಾನಗಳನ್ನು ವಿವರಿಸಿದೆ. ಹಿಂಡನ್ನು ಬೇಲಿಯೊಳಗೆ ಕೂಡಿಹಾಕುವುದು ವಾರಿಬಂಧ. ಗುಂಡಿ ತೋಡಿ ಬೀಳಿಸುವುದು ಅವಪಾತ. ಇಲ್ಲೊಂದು ಭಾಷೆಯ ಮೋಜು ಉಂಟು. ಖೆಡ್ಡಾ ಎಂಬುದು ನಮಗೆ ಉತ್ತರದಿಂದ ಬಂದ ಮಾತು. ಹಿಂದಿಯಲ್ಲಿ ‘ಖೇದ್‌ನಾ’ ಎಂದರೆ ಅಟ್ಟು, ಬೆನ್ನಟ್ಟು. ಆನೆಗಳನ್ನು ಅಟ್ಟಿಕೊಂಡು ಬಂದು ಕೂಡಿಹಾಕುವ ದೊಡ್ಡಿಗೆ, ಆ ಕಾರ್ಯಕ್ಕೆ ಈ ಹೆಸರು. ಆದರೆ ಕನ್ನಡಿಗನು ‘ಖೆಡ್ಡಾಕ್ಕೆ ಕೆಡವಿದ’ ಎಂದಾಗ ಅವನ ಮನಸ್ಸಿನಲ್ಲಿರುವುದು ಗುಂಡಿ. ನಮ್ಮ ಕಿವಿಗೆ ‘ಕೆಡವು’ ಎಂಬ ದನಿ ಅದರಲ್ಲಿ ಕೇಳಿಸಿತೋ, ಕಾಡಿನ ಅಂಚಿನ ಜನ ಗುಂಡಿಯನ್ನೇ ಹೆಚ್ಚಾಗಿ ಕಂಡಿದ್ದರೋ, ಅಂತೂ ಬೇಲಿ ಗುಂಡಿಯಾಯಿತು. ಮೋಸಹೋದ ಗೃಹಸ್ಥರೆಲ್ಲ ಆ ಗುಂಡಿಗೆ ಬೀಳುತ್ತಲೇ ಇದ್ದಾರೆ.

ಕಾಕನಕೋಟೆಯಲ್ಲಿ ಖೆಡ್ಡಾ ನಡೆಸಲು ಮೊದಲು ಹೊರಟವನು ಹೈದರಾಲಿಯಂತೆ. ಪ್ರಯತ್ನ ಕೈಗೂಡದೆ, ಈ ಕೆಲಸ ಇನ್ನು ಯಾರಿಂದಲೂ ಆಗದು, ಕೈಹಾಕಿದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಬರೆಸಿದನಂತೆ. ಇದನ್ನು ದಾಖಲೆ ಮಾಡಿದವನು ಆ ಶಾಪಕ್ಕೆ ಜಗ್ಗದೆ ಕೈಹಾಕಿದ ಮನುಷ್ಯನೇ: ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಮೈಸೂರಿನ ಕಾಲುವೆಗಳ ಉಸ್ತುವಾರಿಗೆಂದು ನೇಮಕವಾದ ಈ ಅಧಿಕಾರಿ ಕನ್ನಡ ಕಲಿತು, ಚಾಮರಾಜನಗರದ ಬಳಿ ಮನೆ ಕಟ್ಟಿಕೊಂಡು, ನೀರಿಗಿಂತ ಹೆಚ್ಚಾಗಿ ಕಾಡಿನಲ್ಲಿ ಕಾಲ ಕಳೆದವನು. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ಆನೆಗಳು ರೈತರ ಬೆಳೆ ತಿನ್ನುತ್ತಿವೆ, ಅವನ್ನು ಕೊಲ್ಲುವ ಬದಲು ಹಿಡಿದರೆ ಸರ್ಕಾರಕ್ಕೂ ಲಾಭ ಎಂಬುದು ಅವನ ವಾದ. 1873ರಲ್ಲಿ ಅನುಮತಿ ದೊರೆಯಿತು. 1874ರ ಜೂನಿನಲ್ಲಿ ಚಾಮರಾಜನಗರದ ಕಡೆ ಐವತ್ತಕ್ಕೂ ಹೆಚ್ಚು ಆನೆಗಳ ಹಿಂಡು ಅವನ ದೊಡ್ಡಿಯೊಳಗೆ ಸೇರಿತು. 1878ರಲ್ಲಿ ಪ್ರಕಟವಾದ ಅವನ ಗ್ರಂಥ ಇಂದಿಗೂ ಓದಲು ಸೊಗಸಾಗಿದೆ. ಸಾಹೇಬನ ಠೀವಿ ಅಲ್ಲಲ್ಲಿ ಇಣುಕಿದರೂ ಕಣ್ಣಿನಿಂದ ಕಂಡು ಬರೆದ ಪುಸ್ತಕವದು.

ಅಮೆರಿಕದಲ್ಲಿ ಯೆಲ್ಲೊಸ್ಟೋನ್ ಸೀಮೆಯನ್ನು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಸಾರಿದುದು 1872ರಲ್ಲಿ. ಸ್ಯಾಂಡರ್ಸನ್ನನಿಗೆ ಅಪ್ಪಣೆ ಸಿಕ್ಕಿದುದು ಮರುವರ್ಷ. ಒಂದು ಕಡೆ ಪ್ರಾಣಿಯನ್ನು ಇದ್ದಲ್ಲಿ ಬಿಡಬೇಕೆಂಬ ಯೋಚನೆ ಕಣ್ಣು ಬಿಡುತ್ತಿದ್ದಾಗ, ನಮ್ಮಲ್ಲಿ ಅದನ್ನು ಸಾಲಾಗಿ ಕಟ್ಟಿ ತರುವ ಏರ್ಪಾಡು ಶುರುವಾಯಿತು.

ಸ್ಯಾಂಡರ್ಸನ್ ಹಾಕಿದ ಪದ್ಧತಿಯೇ ಮುಂದೆ ಕಾಕನಕೋಟೆಯಲ್ಲಿ ದೊಡ್ಡ ರೂಪ ತಾಳಿತು. ನೂರಾರು ಜನ ವಾರಗಟ್ಟಲೆ ಕಾಡಿನಲ್ಲಿ ಹರಡಿಕೊಂಡು ಹಿಂಡಿನ ಜಾಡು ಹಿಡಿಯುವರು. ಹಿಂಡಿಗೆ ಅನುಮಾನ ಬಾರದಂತೆ ಸುತ್ತಲೂ ದೂರದಲ್ಲಿ ಕಾವಲು ನಿಂತು, ದಿನಕ್ಕಿಷ್ಟೆಂದು ಹೊಳೆಯ ಕಡೆಗೆ ಒತ್ತುವರು. ರಾತ್ರಿ ಸಾಲುಬೆಂಕಿ, ಹಗಲು ತಮಟೆ, ಬಿದಿರು ಬಡಿಯುವ ಸದ್ದು. ಕೊನೆಯ ದಿನ ಎಲ್ಲ ಸದ್ದೂ ಒಟ್ಟಿಗೆ: ಕೊಂಬು, ಕೂಗು, ಹುಸಿಗುಂಡು. ದಿಕ್ಕು ಕೆಟ್ಟ ಹಿಂಡು ಕಬಿನಿಗೆ ಧುಮುಕುವುದು. ಮರಿಗಳನ್ನು ನಡುವೆ ಇಟ್ಟುಕೊಂಡು ತಾಯಾನೆಗಳು ಈಜುತ್ತ ಎದುರು ದಡ ಮುಟ್ಟಿದರೆ, ಅಲ್ಲಿ ಹಸುರು ಸೊಪ್ಪಿನಿಂದ ಮರೆಮಾಡಿದ ಮರದ ಗೋಡೆಗಳ ಇಕ್ಕಟ್ಟಾದ ದಾರಿ, ಅದರ ತುದಿಗೆ ದೊಡ್ಡಿ. ಕೊನೆಯ ಆನೆ ಒಳಹೊಕ್ಕೊಡನೆ ಹಗ್ಗ ಕಡಿದು ಬಾಗಿಲು ಬೀಳಿಸುವರು.

ನದಿಯಾಟ ಮುಗಿದ ಮೇಲೆ ನಡೆಯುವುದು ಇನ್ನೂ ಕಠಿಣ. ಪಳಗಿದ ಕುಂಕಿ ಆನೆಗಳ ಮೇಲೆ ಕುಳಿತ ಮಾವುತರು ದೊಡ್ಡಿಯೊಳಗೆ ಹೋಗಿ, ಒಂದೊಂದು ಕಾಡಾನೆಯನ್ನೂ ಇಕ್ಕೆಲದಿಂದ ಒತ್ತಿ ಹಿಡಿಯುವರು. ಆಗ ಒಬ್ಬನು ಕೆಳಗಿಳಿದು, ಕುಂಕಿಯ ಕಾಲುಗಳ ಮರೆಯಲ್ಲಿ ಕೂತು, ಕಾಡಾನೆಯ ಹಿಂಗಾಲಿಗೆ ಹಗ್ಗ ಸುತ್ತಬೇಕು. ಆ ಒಂದು ಕ್ಷಣದಲ್ಲಿ ಅವನ ಪ್ರಾಣವಿರುವುದು ಕುಂಕಿಯ ಮನಸ್ಸಿನಲ್ಲಿ. ಬಳಿಕ ಆನೆಯನ್ನು ಮರಕ್ಕೆ ಕಟ್ಟಿ, ಹಸಿವು ಬೆಲ್ಲ ಎರಡನ್ನೂ ತೋರಿಸಿ ಪಳಗಿಸುವುದು. ಹಗ್ಗ ಕೊರೆದ ಗಾಯಗಳು ಕೊಳೆತು ಎಷ್ಟೋ ಆನೆಗಳು ಸತ್ತುವು. ತಾಯಿಯಿಂದ ಅಗಲಿದ ಮರಿಗಳೂ ಸತ್ತುವು. 1873ರಿಂದ 1971ರ ವರೆಗೆ ನಡೆದ 36 ಖೆಡ್ಡಾಗಳಲ್ಲಿ ಸೆರೆಯಾದ ಆನೆಗಳು 1,500ಕ್ಕೂ ಹೆಚ್ಚು, ಸತ್ತವು 200ಕ್ಕೂ ಹೆಚ್ಚು. ಖೆಡ್ಡಾದ ವೈಭವವನ್ನು ನೆನೆದು ಇಂದಿಗೂ ಬಾಯಿ ಚಪ್ಪರಿಸುವ ಹಿರಿಯರುಂಟು. ಅವರು ಕಂಡದ್ದು ನದಿಯಾಟವನ್ನು. ಹಗ್ಗದ ಗಾಯ ಹುಣ್ಣಾಗುವ ಹೊತ್ತಿಗೆ ನೋಟಕರೆಲ್ಲ ಊರು ಸೇರಿರುತ್ತಿದ್ದರು.

ಹೌದು, ನೋಟಕರು. ಆನೆ ಹಿಡಿಯುವುದು ಮೊದಲು ಸರ್ಕಾರದ ವರಮಾನದ ಬಾಬ್ತಾಗಿದ್ದಿತು. ಬರಬರುತ್ತ ಅದು ರಾಜೋಪಚಾರದ ಅಂಗವಾಯಿತು. 1906ರಲ್ಲಿ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವನು, ಬಂದಾಗ ಖೆಡ್ಡಾ ತೋರಿಸಿದರು. 1922ರಲ್ಲಿ ಅವನ ಮಗ, ಅಂದಿನ ವೇಲ್ಸ್ ರಾಜಕುಮಾರ ಎಡ್ವರ್ಡ್ ಬಂದಾಗಲೂ ತೋರಿಸಿದರು. ವೈಸರಾಯರಿಗಾಗಿ, ದೇಶವಿದೇಶಗಳ ಗಣ್ಯರಿಗಾಗಿ ಕಾರಾಪುರದಲ್ಲಿ ಬಿಡಾರಗಳ ಊರೇ ಏಳುತ್ತಿತ್ತು. ಹೊಳೆಯ ದಂಡೆಯಲ್ಲಿ ಅಟ್ಟಣೆ ಕಟ್ಟಿ, ಸೊಪ್ಪಿನ ಮರೆ ಮಾಡಿ, ಮಾತಾಡಬಾರದೆಂದು ಅತಿಥಿಗಳಿಗೆ ತಾಕೀತು ಮಾಡಿ ಕೂರಿಸುತ್ತಿದ್ದರು. ಇಂದು ಜೀಪಿನ ಚಾಲಕನು ತುಟಿಯ ಮೇಲೆ ಬೆರಳಿಟ್ಟು ನಮಗೆ ಹೇಳುವುದೂ ಅದನ್ನೇ. ಆಗಿನವರು ಮಾತು ಕೇಳುತ್ತಿದ್ದರೋ ಏನೋ!

ಅತಿಥಿಗಳ ಹೆಸರುಗಳು ಪುಸ್ತಕಗಳಲ್ಲಿವೆ, ಛಾಯಾಚಿತ್ರಗಳಲ್ಲಿವೆ. ಜಾಡು ಹಿಡಿದವರ ಹೆಸರುಗಳು ಕಾಣುವುದು ಅಪರೂಪ. ಹಿಂಡು ನಿನ್ನೆ ಎಲ್ಲಿ ಮೇಯಿತು, ನಾಳೆ ಯಾವ ಹಡ್ಲಿಗೆ ಇಳಿದೀತು ಎಂಬುದನ್ನು ಮುರಿದ ಬಿದಿರಿನ ತುದಿಯಿಂದ, ಲದ್ದಿಯ ಬಿಸಿಯಿಂದ ಹೇಳಬಲ್ಲವರು ಆ ಕಾಡಿನಲ್ಲೇ ಹುಟ್ಟಿದ ಜೇನುಕುರುಬರು. ದೊಡ್ಡಿಯೊಳಗೆ ಹೊಕ್ಕ ಮಾವುತರಲ್ಲಿ, ಕಾವಾಡಿಗಳಲ್ಲಿ ಕೂಡ ಅವರ ಮನೆತನಗಳುಂಟು. ಇಂದಿಗೂ ಬಳ್ಳೆಯೇ ಮೊದಲಾದ ಆನೆ ಶಿಬಿರಗಳಲ್ಲಿ ಆ ವೃತ್ತಿ ತಂದೆಯಿಂದ ಮಗನಿಗೆ ಬರುತ್ತಿದೆ. ಆನೆಗೆ ಅವರು ಕೊಡುವ ಅಪ್ಪಣೆಗಳಲ್ಲಿ ಹಲವು ಹಿಂದುಸ್ತಾನಿಯಿಂದ ಬಂದವು. ಆನೆಯನ್ನು ಮುದ್ದಿಸುವ ಮಾತುಗಳು ಮಾತ್ರ ಅವರದೇ ನುಡಿಯವು. ಅಧಿಕಾರಕ್ಕೊಂದು ಭಾಷೆ, ಅಕ್ಕರೆಗೊಂದು ಭಾಷೆ.

ಈ ಜನರಿಗೆ ನಮ್ಮ ಸಾಹಿತ್ಯದಲ್ಲಿ ಗೌರವದ ಸ್ಥಾನ ಕೊಟ್ಟವರು ಮಾಸ್ತಿಯವರು. ರಣಧೀರ ಕಂಠೀರವನ ಕಾಲವನ್ನು ಹಿನ್ನೆಲೆಯಾಗಿಟ್ಟುಕೊಂಡ ಅವರ ‘ಕಾಕನಕೋಟೆ’ ನಾಟಕದಲ್ಲಿ ಕಾಡಿನ ಕುರುಬರು ಮಾತಿಗೆ ನಿಲ್ಲುವ, ಮಾನವುಳ್ಳ ಜನವಾಗಿ ಬರುತ್ತಾರೆ. ಸಿ. ಆರ್. ಸಿಂಹ ಅವರು ಅದನ್ನು ಚಲನಚಿತ್ರವನ್ನಾಗಿಯೂ ಮಾಡಿದರು. ಸ್ಯಾಂಡರ್ಸನ್ನನ ಪುಸ್ತಕದ ಪಕ್ಕದಲ್ಲಿ ಈ ನಾಟಕವನ್ನಿಟ್ಟು ಓದಿದರೆ ಒಂದೇ ಕಾಡು ಅಟ್ಟಣೆಯ ಮೇಲಿಂದ ಹೇಗೆ, ನೆಲದಿಂದ ಹೇಗೆ ಕಾಣುತ್ತದೆಂಬುದು ತಿಳಿಯುವುದು.

ನೆಲದ ಮೇಲಿದ್ದವರಲ್ಲಿ ಒಬ್ಬನ ಹೆಸರು ಮಾತ್ರ ಲೋಕಪ್ರಸಿದ್ಧವಾಯಿತು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಸಾಬು ಮಾವುತನ ಮಗ. ತಂದೆ ಸತ್ತ ಮೇಲೆ ಮಹಾರಾಜರ ಆನೆಲಾಯದ ಆಶ್ರಯದಲ್ಲಿದ್ದ ಹುಡುಗ. ಕಿಪ್ಲಿಂಗನ ಕಥೆಯೊಂದನ್ನು ಚಿತ್ರಿಸಲು 1935ರಲ್ಲಿ ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ಕಣ್ಣಿಗೆ ಇವನು ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆ ಕಂಡಿತು. ವೆನಿಸ್ಸಿನಲ್ಲಿ ನಿರ್ದೇಶನದ ಪ್ರಶಸ್ತಿ ಬಂದಿತು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1963ರಲ್ಲಿ ಅಮೆರಿಕದಲ್ಲೇ ತೀರಿಕೊಂಡ. ಕಾಕನಕೋಟೆ ಕಾಡಿನ ನೋಟ ಲೋಕದ ಊರೂರಿನ ಪರದೆಗಳ ಮೇಲೆ ಹರಿದಾಡಿದುದು ಆ ಹುಡುಗನಿಂದ.

ಆನೆಯನ್ನು ಹಿಡಿಯುತ್ತಿದ್ದ ಕಾಲದಲ್ಲೇ ಹುಲಿ ಚಿರತೆ ಕಾಟಿಗಳ ಶಿಕಾರಿಯೂ ಭರದಿಂದ ಸಾಗಿತ್ತು. ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯಲ್ಲಿ ಸಾವಿರಾರು ಹುಲಿ ಚಿರತೆಗಳ ತೊಗಲನ್ನು ಹದಮಾಡಿ, ಗಾಜಿನ ಕಣ್ಣಿಟ್ಟು, ದೇಶದ ಅರಮನೆಗಳಿಗೆಲ್ಲ ಕಳಿಸುತ್ತಿದ್ದರು. ಆದರೆ ಇಲ್ಲೊಂದು ವಿಚಿತ್ರವನ್ನು ಒಪ್ಪಲೇಬೇಕು. ಬೇಟೆಯ ಕಾಡು ಬೇಟೆಗಾರನಿಗೆ ಬೇಕಾದ್ದರಿಂದಲೇ ಉಳಿಯಿತು. ಅರಸರ ಶಿಕಾರಿಗೆಂದು ಮೀಸಲಿಟ್ಟ ಕಾಡನ್ನು ಕಡಿದು ತೋಟ ಮಾಡಲು ಯಾರಿಗೂ ಧೈರ್ಯವಿರಲಿಲ್ಲ. ಬಂಡೀಪುರದಲ್ಲಿ 1931ರಲ್ಲಿ ಸಣ್ಣ ಅಭಯಾರಣ್ಯವಾಗಿ ಮೊದಲಾದುದು 1941ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಹೊತ್ತು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1952ರಲ್ಲಿ ಭಾರತೀಯ ವನ್ಯಜೀವಿ ಮಂಡಲಿ ಮೊದಲ ಸಭೆ ಸೇರಿದುದು ಮೈಸೂರಿನಲ್ಲಿ. ಅಧ್ಯಕ್ಷರು ಜಯಚಾಮರಾಜ ಒಡೆಯರು. ಶಿಕಾರಿಯ ಮನೆತನವೇ ಸಂರಕ್ಷಣೆಯ ಪೀಠದಲ್ಲಿ ಕುಳಿತಿತು. ಇದರಲ್ಲಿ ನಗುವಂಥದೇನೂ ಇಲ್ಲ.

ಹಿಮಾಲಯದ ತಪ್ಪಲಿನಲ್ಲಿಯೂ ನಡೆದುದು ಇದೇ ಕಥೆ. ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದುದು 1936ರಲ್ಲಿ, ಕುಮಾವೂ ಬೆಟ್ಟಗಳ ಬುಡದ ರಾಮಗಂಗಾ ಕಣಿವೆಯಲ್ಲಿ. ಅದಕ್ಕೆ ಹಿಂದೆ ಗವರ್ನರನಾಗಿದ್ದವನ ಹೆಸರಿನಿಂದ ಅದು ಹೈಲಿ ಉದ್ಯಾನವೆನಿಸಿತ್ತು. ಸ್ವಾತಂತ್ರ್ಯಾನಂತರ ಜಿಮ್ ಕಾರ್ಬೆಟ್ಟನ ಹೆಸರು ಪಡೆಯಿತು. ಕಾರ್ಬೆಟ್ ನಮಗೆ ಪರಕೀಯನಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕೈಯಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ ಕನ್ನಡದಲ್ಲೇ ಹೊಂಚುಹಾಕಿತಷ್ಟೆ. ಬಂದೂಕಿನವನ ಹೆಸರೇ ಉದ್ಯಾನದ ಹೆಸರಾಯಿತು. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆಗೆ ಚಾಲನೆ ದೊರೆತದ್ದೂ ಆ ಕಾರ್ಬೆಟ್ ಕಾಡಿನಲ್ಲೇ. ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಇನ್ನೊಂದು ಕಾಕತಾಳೀಯವೂ ಉಂಟು. ರಾಮಗಂಗೆಗೆ ಕಾಲಾಗಢದಲ್ಲಿ ಕಟ್ಟಿದ ಅಣೆಕಟ್ಟು ಮುಗಿದು ಆ ಉದ್ಯಾನದ ಒಳ್ಳೆಯ ಹುಲ್ಲುಗಾವಲುಗಳ ಒಂದು ಭಾಗ ನೀರಿನಡಿಗೆ ಹೋದದ್ದು 1974ರಲ್ಲಿ. ಕಬಿನಿಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದೂ ಅದೇ ವರ್ಷ.

ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಅನಂತರ ಎರಡೇ ವರ್ಷಗಳಲ್ಲಿ ಖೆಡ್ಡಾದ ರಂಗಸ್ಥಳವೇ ಹಿನ್ನೀರಿನಲ್ಲಿ ಮುಳುಗಿತು. ಖೆಡ್ಡಾದಲ್ಲಿ ಸೆರೆಯಾದ ಆನೆಗಳು ಮಾತ್ರ ಬಹುಕಾಲ ನಮ್ಮ ಕಣ್ಣ ಮುಂದೆಯೇ ಇದ್ದುವು. ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಹಿಡಿದ ಆನೆ. ಬಳ್ಳೆ ಶಿಬಿರ ಅವನ ಮನೆ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಆ ಕಾಡಾನೆಯೊಡನೆ ಕಾದಾಡಿ ಸತ್ತ. ಹಿಡಿಯಲ್ಪಟ್ಟವನನ್ನು ಹಿಡಿಯುವುದಕ್ಕೆ ಕಳಿಸುವುದು ಕುಂಕಿಯ ಹಣೆಬರಹ. ಅರವತ್ತು ದಾಟಿದ ಮೇಲೂ ಅದು ತಪ್ಪಲಿಲ್ಲ.

ಮುಳುಗಿದ ಕಾಡು ಎಂಥದು? ಹೊನ್ನೆ, ಬೀಟೆ, ಮತ್ತಿ, ನಂದಿ, ದಿಂಡಿಗಗಳ ಎಲೆಯುದುರುವ ಕಾಡು. ನಡುವೆ ಬಿದಿರು ಮೆಳೆ. ತಗ್ಗಿನಲ್ಲಿ ಜೌಗಿನ ಹುಲ್ಲುಗಾವಲು, ಅದನ್ನೇ ಹಡ್ಲು ಎನ್ನುವುದು. ಇಲಾಖೆ ಸಾಲು ಹಿಡಿದು ನೆಟ್ಟ ತೇಗದ ತೋಪುಗಳೂ ಉಂಟು. ಬೆಲೆ ಬಾಳುವ ಮರ ಹೋದ ಮೇಲೂ ಎಷ್ಟೋ ಮರಗಳ ಒಣ ಬೊಡ್ಡೆಗಳು ಐವತ್ತು ವರ್ಷದಿಂದ ಹಿನ್ನೀರಿನಲ್ಲಿ ನಿಂತೇ ಇವೆ; ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ, ಮೀನು ಹಿಡಿಯುವ ಗಿಡುಗ ಹೊಂಚಿ ಕೂರುತ್ತದೆ. ಛಾಯಾಚಿತ್ರಗಾರರಿಗೆ ಇದು ಬಲು ಪ್ರಿಯವಾದ ನೋಟ. ಮಾಸ್ತಿಗುಡಿ ಎಂದು ಹಿನ್ನೀರಿನ ಅಂಚಿನ ಜಾಗವೊಂದಕ್ಕೆ ಹೆಸರು. ಮಾಸ್ತಿ ಎಂದರೆ ಮಹಾಸತಿ. ಯಾವ ಹೆಣ್ಣಿನ ಕಲ್ಲಿನ ಮುಂದೆ ಯಾವ ಊರಿನವರು ಹಣ್ಣುಕಾಯಿ ಇಟ್ಟರೋ, ಇಂದು ಸಫಾರಿಯವರ ಬಾಯಲ್ಲಿ ಅದು ಹುಲಿ ಕಾಣುವ ಒಂದು ಜಾಗ.

ಅಣೆಕಟ್ಟು ಬಂಡೀಪುರ ನಾಗರಹೊಳೆಗಳ ನಡುವೆ ನೀರಿನ ಗೋಡೆಯಾಯಿತು. ಆದರೆ ಅದರಿಂದ ಯಾರೂ ಎಣಿಸದ ಇನ್ನೊಂದು ಫಲವೂ ಹುಟ್ಟಿತು. ವಯನಾಡಿನ ಮಳೆಗೆ ಆಷಾಢ ಶ್ರಾವಣದಲ್ಲಿ ಜಲಾಶಯ ತುಂಬುತ್ತದೆ. ಮಾಘದಿಂದಾಚೆ ನೀರು ಇಳಿಯುತ್ತ ಹೋದಂತೆ ಮೆಕ್ಕಲು ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಸುತ್ತಣ ಕಾಡೆಲ್ಲ ಒಣಗಿ ಬೆಂಕಿಗೆ ಹೆದರಿ ನಿಂತಿರುವ ಚೈತ್ರ ವೈಶಾಖಗಳಲ್ಲಿ ಇಲ್ಲಿ ಮಾತ್ರ ಹಸುರು. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆಗಳಿಂದ ಆನೆಗಳು ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಏಷ್ಯದ ಆನೆಗಳು ಹೀಗೆ ಗುಂಪುಗೂಡುವುದನ್ನು ಇಷ್ಟು ದೊಡ್ಡದಾಗಿ ಬೇರೆಲ್ಲೂ ಕಾಣುವುದು ಕಷ್ಟ. ಹಿಂದೆ ತಮಟೆ ಬಡಿದು ಹೊಳೆಗೆ ಇಳಿಸುತ್ತಿದ್ದ ಆನೆಗಳು ಈಗ ತಾವಾಗಿ ಬಂದು ನೀರಿನಲ್ಲಿ ಆಡುತ್ತವೆ. ಕಾಡಿನೊಳಗಿನ ಸ್ಥಿತಿ ಅಷ್ಟು ಸುಖದ್ದಲ್ಲ. ಬ್ರಿಟಿಷರು ಅಂದಕ್ಕೆಂದು ತಂದ ಅಮೆರಿಕ ಖಂಡದ ಲಂಟಾನ ಗಿಡ ನೆಲವನ್ನೆಲ್ಲ ಮು��್ಚಿ ಹುಲ್ಲನ್ನು ಅಡಗಿಸಿದೆ. ಜೀಪಿನಲ್ಲಿ ಕುಳಿತವರು ಅದರ ಬಣ್ಣದ ಹೂವನ್ನು ಮೆಚ್ಚುತ್ತಾರೆ. ಜಿಂಕೆ ಅದನ್ನು ಮೂಸಿ ಮುಂದೆ ಹೋಗುತ್ತದೆ.

ಈ ಹಸುರು ದಂಡೆಯ ಮೇಲೆ ಹಳೆಯ ಅತಿಥಿಗೃಹಗಳು ಹಾಳು ಬೀಳದೆ ಉಳಿದುವು. ಕಾರಾಪುರದಲ್ಲಿ ಮಹಾರಾಜರೂ ವೈಸರಾಯರೂ ಇಳಿದುಕೊಳ್ಳುತ್ತಿದ್ದ ಬಂಗಲೆಗಳಲ್ಲಿ 1980ರ ದಶಕದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಪ್ರವಾಸಿಗರಿಗೆ ವಸತಿ ತೆರೆಯಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಬಾಲ್ಯದಲ್ಲೇ ಹುಲಿ ಹೊಡೆದು ಹೆಸರಾದವರು. ಮುಪ್ಪಿನಲ್ಲಿ ಹುಲಿಯನ್ನು ತೋರಿಸಿ ಹೆಸರಾದರು. 2010ರಲ್ಲಿ, ತೊಂಬತ್ತು ದಾಟಿದ ಮೇಲೆ, ತೀರಿಕೊಂಡರು. ಸಫಾರಿ ಎಂಬ ಮಾತು ಸ್ವಾಹಿಲಿಯದು, ಅದಕ್ಕೂ ಹಿಂದೆ ಅರಬ್ಬಿಯದು. ಉರ್ದುವಿನ ‘ಸಫರ್’ ಅದರ ಒಡಹುಟ್ಟು. ಬರಿಯ ಪ್ರಯಾಣವೆಂದು ಅರ್ಥ. ಪೂರ್ವ ಆಫ್ರಿಕದಲ್ಲಿ ಬಿಳಿಯರ ಬೇಟೆಯ ಪ್ರಯಾಣಕ್ಕೆ ಅಂಟಿ, ಬೇಟೆ ಕಳಚಿದ ಮೇಲೆ ನೋಟಕ್ಕೆ ಅಂಟಿ ನಮ್ಮಲ್ಲಿಗೆ ಬಂದಿದೆ.

ಕಾಕನಕೋಟೆಯ ಕಾಡು ಇಂದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಂದು ಭಾಗ. ಈ ಉದ್ಯಾನ ನಮ್ಮ ನಾಡಿನ ಏಕೀಕರಣದ ಸಣ್ಣ ಪ್ರತಿರೂಪ ಎನ್ನಬಹುದು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೇ, 1955ರಲ್ಲಿ, ನಾಗರಹೊಳೆಯನ್ನು ಅಭಯಾರಣ್ಯ ಮಾಡಿದರು. ಮರುವರ್ಷ ಕೊಡಗು ವಿಶಾಲ ಮೈಸೂರಿನೊಡನೆ ಕೂಡಿತು. ಕಾಡುಗಳು ಕೂಡಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1974-75ರಲ್ಲಿ ಮೈಸೂರು ಕಡೆಯ ಕಾಡು ಸೇರಿತು. 1988ರ ಹೊತ್ತಿಗೆ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಉದ್ಯಾನದ ವಿಸ್ತಾರ 643 ಚದರ ಕಿಲೋಮೀಟರು. 2022ರ ಗಣತಿಯಲ್ಲಿ ಕಾರ್ಬೆಟ್ಟಿನಲ್ಲಿ 260, ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳು. ದೇಶಕ್ಕೇ ಮೊದಲ ಮೂರು ಸ್ಥಾನಗಳು. ಕಳ್ಳಬೇಟೆಗಾರರನ್ನು, ಮರಗಳ್ಳರನ್ನು ಎದುರಿಸಿ ಕಾಡು ಕಾದ ಕೆ. ಎಂ. ಚಿಣ್ಣಪ್ಪನವರಂಥ ಅಧಿಕಾರಿಗಳು, ಹುಲಿಯ ಬದುಕನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ ಉಲ್ಲಾಸ ಕಾರಂತರಂಥ ವಿಜ್ಞಾನಿಗಳು ಇಲ್ಲದಿದ್ದರೆ ಈ ಅಂಕಿಗಳು ಹುಟ್ಟುತ್ತಿರಲಿಲ್ಲ. ಇದನ್ನು ಹಗುರವಾಗಿ ಕಾಣುವವರ ಜತೆಗೆ ನಾನು ಸೇರಲಾರೆ.

ಆದರೆ ಲೆಕ್ಕದ ಇನ್ನೊಂದು ಪುಟವೂ ಉಂಟು. ಅಣೆಕಟ್ಟು, ಅಭಯಾರಣ್ಯ, ಉದ್ಯಾನ ಎಂದು 1970ರ ದಶಕದಿಂದ ಒಂದರ ಮೇಲೊಂದು ಬಂದಂತೆ ಹಾಡಿಗಳು ಖಾಲಿಯಾದುವು. ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡಿನಂಚಿಗೆ, ಅಲ್ಲಿಂದ ಕೊಡಗಿನ ಕಾಫಿ ತೋಟಗಳ ಕೂಲಿ ಸಾಲುಮನೆಗಳಿಗೆ ಸರಿದರು. ವನ್ಯಮೃಗಕ್ಕೆ ತೊಂದರೆಯೆಂದು ಅವರನ್ನು ಹೊರಗಿಟ್ಟ ಕಾಡಿನಲ್ಲೇ, ಮೂರ್ಕಲ್ಲಿನಲ್ಲಿ, 1990ರ ದಶಕದಲ್ಲಿ ಹೆಸರಾಂತ ಹೋಟೆಲು ಸಂಸ್ಥೆಯೊಂದು ವಸತಿಗೃಹ ಕಟ್ಟತೊಡಗಿತು. ಹಾಡಿಯ ಜನ ಸಂಘಟಿತರಾಗಿ ನ್ಯಾಯಾಲಯಕ್ಕೆ ಹೋದರು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕಾಡಿನ ಜಾಗವನ್ನು ಗುತ್ತಿಗೆಗೆ ಕೊಟ್ಟದ್ದು 1980ರ ಅರಣ್ಯ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದು ಕರ್ನಾಟಕ ಉಚ್ಚ ನ್ಯಾಯಾಲಯ 1997ರಲ್ಲಿ ತೀರ್ಪಿತ್ತಿತು. ಉದ್ಯಾನದ ಕಾಡನ್ನು ಆ ಸಲ ಕಾಯ್ದವರು ಉದ್ಯಾನದಿಂದ ಹೊರಹಾಕಿಸಿಕೊಂಡವರು. ಇದು ನಮ್ಮ ಪ್ರವಾಸಿ ಕೈಪಿಡಿಗಳಲ್ಲಿ ಒಂದು ಸಾಲಾಗಿಯಾದರೂ ಬರಬೇಕಾದ ಸಂಗತಿ.

ಆ ಮೇಲೆ ಹುಣಸೂರು ತಾಲ್ಲೂಕಿನ ನಾಗಾಪುರ ಮೊದಲಾದೆಡೆ ಪುನರ್ವಸತಿ ನಡೆಯಿತು. ಒಪ್ಪಿ ಹೊರಬಂದು, ಮಕ್ಕಳಿಗೆ ಶಾಲೆ ದೊರೆಯಿತೆಂದು ನೆಮ್ಮದಿಪಟ್ಟ ಮನೆಗಳೂ ಉಂಟು. ಹೊಲ ಉಳಲು ಬಾರದೆ, ಜೇನೂ ಇಲ್ಲದೆ ಸೊರಗಿದ ಮನೆಗಳೂ ಉಂಟು. ಉಚ್ಚ ನ್ಯಾಯಾಲಯ ನೇಮಿಸಿದ ಪ್ರೊಫೆಸರ್ ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ಪುನರ್ವಸತಿ ಬೇಕಾದ 3,418 ಕುಟುಂಬಗಳನ್ನು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನ ಮೇಲೆ ಕಾಡಿನವರ ಹಕ್ಕನ್ನು ಒಪ್ಪಿದ್ದರೂ ಅರ್ಜಿಗಳು ಮೇಜಿನಿಂದ ಮೇಜಿಗೆ ಅಲೆದುವು. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ತಮ್ಮ ಹಿರಿಯರು ಬಿಟ್ಟುಬಂದ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ಉದ್ಯಾನದ ಒಳಕ್ಕೆ, ನಡೆದುಹೋಗಿ ಗುಡಿಸಲು ಹಾಕತೊಡಗಿದುವು. ಇಲಾಖೆಯವರು ತಡೆದರು. ಇಲ್ಲಿ ನಮ್ಮ ಪೂರ್ವಿಕರ ಸಮಾಧಿಗಳಿವೆ, ದೇವರ ಜಾಗಗಳಿವೆ ಎಂಬುದು ಅವರ ಮಾತು.

ಹುಲಿಗೆ ನೆಮ್ಮದಿಯ ನೆಲ ಬೇಕು, ನಿಜ. ಅದಕ್ಕಾಗಿ ಮನುಷ್ಯರು ಸರಿಯಬೇಕಾದರೆ ಯಾರು ಎಷ್ಟು ಸರಿಯಬೇಕೆಂಬುದನ್ನು ಬಲ್ಲವರು ಕೂತು ತೀರ್ಮಾನಿಸಲಿ. ಆದರೆ ನೂರು ವರ್ಷ ದಾರಿ ತೋರಿಸಿಕೊಂಡು ಬಂದವರನ್ನು ದಾರಿ ಕೇಳಿದವರೇ ಒತ್ತುವರಿದಾರರೆಂದು ಕರೆದರೆ ಇತಿಹಾಸ ಓದಿದವನು ಸುಮ್ಮನಿರಲಾರ. ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಹಕ್ಕಿಗೆ ಯಾವುದು ಸಾಕ್ಷ್ಯವಾದೀತೆಂಬ ಒಂದು ಪಟ್ಟಿಯಿದೆ: ಗೆಜೆಟಿಯರುಗಳು, ಜನಗಣತಿ, ನಕ್ಷೆಗಳು, ಅರಣ್ಯ ಇಲಾಖೆಯ ದಾಖಲೆಗಳು, ಹಳೆಯ ಬಾವಿ, ಸಮಾಧಿ, ದೇವರ ಬನಗಳು, ಹಿರಿಯರ ಹೇಳಿಕೆ. ಖೆಡ್ಡಾದ ಕಾಲದ ಅರಣ್ಯ ಇಲಾಖೆಯ ಕಾಗದಪತ್ರಗಳೂ ಈ ಪಟ್ಟಿಯೊಳಗೇ ಬರುತ್ತವೆ. ಅತಿಥಿಗಳ ಊಟೋಪಚಾರದ ವಿವರಗಳನ್ನು ಅವುಗಳಿಂದ ಹೆಕ್ಕಿ ಪುಸ್ತಕ ಬರೆದವರು ಹಲವರಿದ್ದಾರೆ. ಜಾಡು ಹಿಡಿದವರು ಯಾವ ಹಾಡಿಯವರೆಂಬುದನ್ನು ಹೆಕ್ಕುವ ಕೆಲಸಕ್ಕೆ ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಕೈಹಾಕಬಹುದು. ಹೈದರನ ಶಾಪ ಇದಕ್ಕೆ ತಟ್ಟದು.